ಊದಿಕೊಂಡ ಉಂಗುರ ಮತ್ತು ನಿಂತುಹೋದ ಮದುವೆ

ಇಂದ,
ಮಾಳೇಶ (ಮುಂದೆ ‘ಅರ್ಜಿದಾರ’),
ಪಂಪ್‌ಸೆಟ್ ಮತ್ತು ಆಯಿಲ್ ಸೀಲ್ ಅಂಗಡಿ,
ಉಳವಿ, ಸೊರಬ ತಾಲ್ಲೂಕು.

ಗೆ,
ಪರಮಶಿವಪ್ಪನವರು, ಭಾವಿ ಮಾವ,
ತೊಗರ್ಸಿ, ಶಿಕಾರಿಪುರ ತಾಲ್ಲೂಕು.

ವಿಷಯ: ನಿಶ್ಚಿತಾರ್ಥದ ರಬ್ಬರ್ ಉಂಗುರ ಡೀಸೆಲ್‌ನಲ್ಲಿ ಊದಿದ ಕಾರಣ ನಿಂತಿರುವ ಮದುವೆಯನ್ನು ಮತ್ತೆ ಚಾಲೂ ಮಾಡುವ ಕುರಿತು.

ಉಲ್ಲೇಖ: ಸೋಮವಾರ ಗದ್ದೆಯ ಬದುವಿನಿಂದ ತಾವು ಫೋನಿನಲ್ಲಿ ಬೈದದ್ದು (ಎರಡು ಬಾರಿ).

ಮಾನ್ಯರೇ,

ಅರ್ಜಿದಾರನು ತಲೆ ತಗ್ಗಿಸಿ, ಆದರೆ ನಗು ತಡೆಯಲಾರದೆ, ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ನಿಶ್ಚಿತಾರ್ಥದ ದಿನ ಅರ್ಜಿದಾರ ತಂದ ಚಿನ್ನದ ಉಂಗುರ ತಮ್ಮ ಮಗಳು ಗಂಗಾಶ್ರೀಯ ಬೆರಳ ಗಂಟು ದಾಟಲಿಲ್ಲ. ಮುಹೂರ್ತ ಮೀರುತ್ತಿತ್ತು. ಆದ್ದರಿಂದ ಆತ ಜೇಬಿಗೆ ಕೈ ಹಾಕಿದನು. ಅಲ್ಲಿ ಸದಾ ಇರುವಂತೆ ಸೋರಿಕೆ ತಡೆಯುವ, ಎರಡು ಬಗೆಯ ರಬ್ಬರ್ ಸೀಲು ಉಂಗುರಗಳಿದ್ದವು.

೨. ಒಂದು ನೈಟ್ರೈಲ್ ಎಂಬ ರಬ್ಬರಿನದು. ಡೀಸೆಲ್, ಗ್ರೀಸಿನಲ್ಲಿ ಮುಳುಗಿಸಿಟ್ಟು ಜಪ್ಪಯ್ಯ ಎಂದರೂ ಜಗ್ಗದು. ಇಂಜಿನ್ನಿಗೆ ಅದೇ ಸರಿ. ಬಿಸಿಲಿಗೆ ಮಾತ್ರ ಬಿರುಕು ಬಿಡುತ್ತದೆ. ಇನ್ನೊಂದು ಇಪಿಡಿಎಂ ಎಂಬ ರಬ್ಬರಿನದು. ಬಿಸಿಲು, ಬಿಸಿನೀರು, ಹಬೆ ಎಲ್ಲ ತಡೆಯುತ್ತದೆ. ಕಾರಿನ ಬಾಗಿಲಿಗೆ, ಸೋಲಾರ್ ಪೈಪಿಗೆ ಹಾಕುತ್ತಾರೆ. ಡೀಸೆಲ್ ಸೋಕಿತೋ, ನೆನೆಹಾಕಿದ ಕಡಲೆಯಂತೆ ಊದುತ್ತದೆ.

೩. ಹೆಣ್ಣಿನ ಕೈ ಎಂದರೆ ನೀರು, ಹಬೆ, ಬಿಸಿಲು ಅಷ್ಟೇ ಎಂದುಕೊಂಡು ಅರ್ಜಿದಾರ ಇಪಿಡಿಎಂ ತೊಡಿಸಿದನು. ಗಂಗಾಶ್ರೀ ಬಿದ್ದು ಬಿದ್ದು ನಕ್ಕಳು. ಆ ನಗು ಕಂಡಾಗಿನಿಂದ ಅರ್ಜಿದಾರನ ಕಾಲು ನೆಲದ ಮೇಲಿಲ್ಲ.

೪. ಗದ್ದೆ ಉಳುವ ತಮ್ಮ ಟಿಲ್ಲರ್ ಬಿಚ್ಚಿ ಜೋಡಿಸುವವಳು ಆಕೆಯೇ ಎಂಬುದು ತಡವಾಗಿ ತಿಳಿಯಿತು. ಕಳೆದ ವಾರ ಡೀಸೆಲ್ ಫಿಲ್ಟರಿನ ಸೀಲು ಹರಿದ ಕಾರಣ ಆಕೆ ಬೆರಳಿನ ಉಂಗುರವನ್ನೇ ಕಳಚಿ ಅಲ್ಲಿ ಕೂರಿಸಿದಳು. ಎರಡು ದಿನ ಒಂದು ತೊಟ್ಟೂ ಸೋರಲಿಲ್ಲ. ಮೂರನೆಯ ದಿನ ಉಂಗುರ ಊದಿ ಹೊರಬಂತು, ಡೀಸೆಲೆಲ್ಲ ಸೋರಿಹೋಯಿತು. ಟಿಲ್ಲರ್ ಕೆಸರಿನ ನಟ್ಟನಡುವೆ ನಿಂತಿತು, ಹ್ಯಾಂಡಲ್ ಹಿಡಿದಿದ್ದ ತಾವೂ ನಿಂತಿರಿ. ಆಗ ತಾವು ಬದುವಿಗೆ ಬಂದು ಫೋನಿನಲ್ಲಿ ಅಂದದ್ದು: “ನಿನ್ ಉಂಗ್ರ ಗದ್ದಿ ನಡುವೆ ಕೈ ಕೊಡ್ತು. ನೀ ನನ್ ಮಗಳಿಗೆ ಕೈ ಕೊಡಾದಿಲ್ಲ ಅಂತ ಏನ್ ಗ್ಯಾರಂಟಿ ಐತಿ? ಮದ್ವಿ ಕ್ಯಾನ್ಸಲ್!”

೫. ತಪ್ಪು ರಬ್ಬರಿನದಲ್ಲ, ಅರ್ಜಿದಾರನದು. ಆಮೇಲೆ ಗಂಗಾಶ್ರೀ ಅರ್ಜಿದಾರನಿಗೆ ಫೋನು ಮಾಡಿ ಕೇಳಿದ್ದು ಇಷ್ಟೇ: “ನನ್ ಕೈ ಎಲ್ಲೆಲ್ಲಿ ಹೋಗ್ತೈತಿ ಅಂತ ಒಂದ್ ಮಾತು ಕೇಳ್ಬಾರ್ದೇನ್ರೀ? ಅಪ್ಪಗೆ ಅರ್ಜಿ ಬರೀರಿ. ಸರಿಯಾದ್ ಉಂಗ್ರ ಇಟ್ಟು ಕಳಸ್ರಿ.” ‘ಎಲ್ಲಿಗೆ ಹಾಕೋದು?’ ಎಂದು ಗಿರಾಕಿಗೆ ದಿನಾ ಕೇಳುವ ಪ್ರಶ್ನೆಯನ್ನು ಅವಳಿಗೆ ಕೇಳಲಿಲ್ಲವಲ್ಲ ಎಂದು ಅರ್ಜಿದಾರನಿಗೆ ನಿಜಕ್ಕೂ ನಾಚಿಕೆಯಾಗಿದೆ.

ಆದ್ದರಿಂದ, ಸದರಿ ಕಾರಣಗಳಿಂದ, ಮದುವೆಯ ಮೇಲಿನ ತಡೆಯನ್ನು ತೆರವುಗೊಳಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ (ಡೀಸೆಲ್‌ನಲ್ಲೂ),
ಮಾಳೇಶ

ಲಗತ್ತು:
೧. ನೈಟ್ರೈಲ್ ಉಂಗುರ, ಟಿಲ್ಲರಿಗೆ.
೨. ನೈಟ್ರೈಲ್ ಉಂಗುರ, ಬೆರಳಿಗೆ. (ಬಿಸಿಲಿನಲ್ಲಿ ಅರ್ಜಿದಾರ ಕೊಡೆ ಹಿಡಿಯತಕ್ಕದ್ದು.)

ವಿ.ಸೂ.: ಊದಿದ ಉಂಗುರವನ್ನು ಬಿಸಾಡದೆ ಹಿಂದಿರುಗಿಸಲು ಕೋರಿದೆ. ಗಂಗಾಶ್ರೀ ಅಳೆದು ತಿಳಿಸಿರುವಂತೆ, ಅದು ಈಗ ಅರ್ಜಿದಾರನ ದಪ್ಪ ಬೆರಳಿಗೆ ಸರಿಹೋಗುತ್ತದೆ.