ತಾಳಾ ನೋಡಿದೇನ?

ಸಾಕ್ಷಾತ್ ದೇವರೇ ಪ್ರತ್ಯಕ್ಷನಾಗಿ ವರ ಕೊಟ್ಟಿದ್ದರೂ ನಮ್ಮ ಮಾಮಾ ಕೈಮುಗಿಯುತ್ತಿರಲಿಲ್ಲ. ಮೊದಲು ಒಂದು ಕಾಗದ ತೆಗೆದುಕೊಂಡು ಆ ವರ ಸರಿಯೋ ತಪ್ಪೋ ಎಂದು ತಾಳೆ ನೋಡುತ್ತಿದ್ದ. ದೇವರು ಜಾಣ, ಡೊಂಬಿವಲಿಯ ನಮ್ಮ ಚಾಳಿನ ಕಡೆಗೆ ಸುಳಿಯಲೇ ಇಲ್ಲ!

ಮಾಮಾ ಎಂದರೆ ನಮ್ಮ ಅವ್ವನ ತಮ್ಮ. ಬಿಜಾಪುರದಿಂದ ಬಂದು ಠಾಣೆಯ ಕಾರ್ಖಾನೆಯೊಂದರಲ್ಲಿ ಕಾರಕೂನನಾಗಿ, ನಮ್ಮ ಎರಡು ಖೋಲಿಯ ಮನೆಯಲ್ಲೇ ಇದ್ದ. ಬೆಳಿಗ್ಗೆ ಸ್ಟೇಷನ್ನಿನಲ್ಲಿ ಯಾವ ಗಾಡಿ ಬರುತ್ತದೆಂದು ತೋರಿಸುವ ಇಂಡಿಕೇಟರ್ ನೋಡುತ್ತಿದ್ದ. ಅದನ್ನು ನಂಬದೆ ಇಬ್ಬರನ್ನು ಕೇಳುತ್ತಿದ್ದ. ಆ ಇಬ್ಬರನ್ನೂ ನಂಬದೆ ಮೂರನೆಯವನನ್ನು ಕೇಳುವಷ್ಟರಲ್ಲಿ ಗಾಡಿ ಹೋಗಿರುತ್ತಿತ್ತು. "ಹೋದರ ಹೋತು, ಅದು ಠಾಣೆ ಗಾಡೀನ ಅಂತ ಖಾತ್ರಿ ಆತಲ್ಲ" ಎನ್ನುತ್ತಿದ್ದ.

ಇಂಥವನ ಕೈಗೆ ನಾನು ಸಿಕ್ಕಿದ್ದು ಎಸ್ಸೆಸ್ಸಿಯಲ್ಲಿ ನಪಾಸಾದ ವರ್ಷ. ಉಳಿದ ವಿಷಯಗಳೆಲ್ಲ ಪಾಸು, ಬೀಜಗಣಿತ ಮಾತ್ರ ಗೋತಾ. ಇನ್ನೊಂದು ಸಲ ಪರೀಕ್ಷೆಗೆ ಕೂಡಿಸುತ್ತೇನೆ, ಆಗಲೂ ಆಗದಿದ್ದರೆ ನೋಡಿಟ್ಟ ಬದಲಾಪುರದ ಹುಡುಗನಿಗೆ ಮದುವೆ ಮಾಡಿ ಕೊಟ್ಟು ಕೈತೊಳೆದುಕೊಳ್ಳುತ್ತೇನೆ ಎಂದು ಅಪ್ಪ ಸಾರಿಬಿಟ್ಟಿದ್ದರು. ನನಗೋ ಕಾಲೇಜಿಗೆ ಹೋಗುವ ಆಸೆ. ಆ ಆಸೆಗೂ ನನಗೂ ನಡುವೆ ಒಂದು ಎಕ್ಸ್ ಅಡ್ಡ ಮಲಗಿತ್ತು.

ಎಕ್ಸ್ ಭಿನ್ನರಾಶಿಯ ಗೆರೆಯ ಮೇಲಿದ್ದಾಗ ನನ್ನ ತಕರಾರೇನೂ ಇರಲಿಲ್ಲ. ಕೆಳಗಿಳಿದು ಛೇದದಲ್ಲಿ ಕೂತಿತೆಂದರೆ ಮಾತ್ರ ನನ್ನ ಜೀವ ಹೋಗುತ್ತಿತ್ತು. ಮಾಮಾ ಹೇಳಿಕೊಟ್ಟ: ಎರಡೂ ಕಡೆ ಛೇದದಿಂದ ಗುಣಿಸು, ಗೆರೆ ಅಳಿಯುತ್ತದೆ, ಉತ್ತರ ಬರುತ್ತದೆ. ಬಂದ ಉತ್ತರವನ್ನು ಮತ್ತೆ ಮೊದಲಿನ ಸಮೀಕರಣಕ್ಕೇ ಹಾಕಿ ನೋಡು. ಛೇದ ಸೊನ್ನೆಯಾಯಿತೋ, ಆ ಉತ್ತರ ಸುಳ್ಳು, ತೆಗೆದು ಬಿಸಾಡು.

"ಇಷ್ಟು ಕಷ್ಟಪಟ್ಟು ತಗದದ್ದು, ಮಾಮಾ?"

"ಕಷ್ಟಪಟ್ಟು ಹುಡುಕಿದ ವರ ಅಂತ ಸೊನ್ನಿಗೆ ಹುಡುಗಿ ಕೊಡತಾರೇನು?"

ಆಚೆ ಖೋಲಿಯಲ್ಲಿ ಅಪ್ಪ ಕೆಮ್ಮಿದರು.

ತಾಳೆ ನೋಡುವುದಕ್ಕೆ ಮರಾಠಿಯವರು ತಾಳಾ ಎನ್ನುತ್ತಾರೆ. ಚಾಳಿನ ಗಾಳಿ ಬಡಿದು ನಮ್ಮ ಮಾಮಾನ ಬಾಯಲ್ಲೂ ಅದು ತಾಳಾ ಆಗಿತ್ತು. ಕೆಲಸಕ್ಕೆ ಹೊರಟವನು ಮೆಟ್ಟಿಲ ಮೇಲೆ ನಿಂತು, "ತಾಳಾ ನೋಡಿದೇನ?" ಎಂದು ನನ್ನನ್ನು ಕೂಗಿ ಕೇಳುತ್ತಿದ್ದ. ಪಕ್ಕದ ಖೋಲಿಯ ಹಿಂದಿ ಭಾಬಿಗೆ ತಾಲಾ ಎಂದರೆ ಬೀಗ! ಪಾಪ, ಓಡಿಹೋಗಿ ತನ್ನ ಬೀಗ ಜಗ್ಗಿ ನೋಡುತ್ತಿದ್ದಳು. ಅವಳನ್ನು ನೋಡಿ ಉಳಿದವರೂ ಜಗ್ಗತೊಡಗಿದರು. ಆ ವರ್ಷ ನಮ್ಮ ಚಾಳಿನಲ್ಲಿ ಒಂದೂ ಕಳ್ಳತನವಾಗಲಿಲ್ಲ. ಬೀಜಗಣಿತದಿಂದ ಏನು ಉಪಯೋಗ ಎಂದು ಕೇಳುವವರು ಇದನ್ನು ಗಮನಿಸಬೇಕು.

ಪರೀಕ್ಷೆಯಲ್ಲಿ ಬಂದೇ ಬಂತು ಅಂಥದೊಂದು ಲೆಕ್ಕ. ಛೇದದಲ್ಲಿ ಎಕ್ಸ್ ಮೈನಸ್ ಮೂರು. ಬಿಡಿಸಿದೆ, ಎಕ್ಸ್ ಮೂರು ಎಂದು ಬಂತು. ಹಿಗ್ಗಿ ಪುಟ ತಿರುಗಿಸುವಾಗ ಕಿವಿಯಲ್ಲಿ ಮಾಮಾನ ಕೂಗು. ಹಾಕಿ ನೋಡಿದೆ. ಮೂರರಲ್ಲಿ ಮೂರು ಕಳೆದರೆ ಸೊನ್ನೆ! "ಈ ಸಮೀಕರಣಕ್ಕೆ ಉತ್ತರವಿಲ್ಲ" ಎಂದು ಬರೆದೆ.

ಹೊರಗೆ ಬಂದರೆ ಗೆಳತಿಯರೆಲ್ಲರದೂ ಮೂರು. ನನಗೆ ಬದಲಾಪುರದ ಸ್ಟೇಷನ್ನೇ ಕಣ್ಣಿಗೆ ಕಟ್ಟಿತು. ಅಳುತ್ತ ಮನೆಗೆ ಬಂದವಳ ಕೈಯಿಂದ ಮಾಮಾ ಪ್ರಶ್ನೆಪತ್ರಿಕೆ ಇಸಿದುಕೊಂಡು ತಾನೂ ಬಿಡಿಸಿದ. ಬಂದ ಉತ್ತರವನ್ನು ಮತ್ತೆ ಸಮೀಕರಣಕ್ಕೆ ಹಾಕಿ ನೋಡಿದ.

"ನಿಂದ ಖರೆ ಅದ," ಎಂದ. "ನಮ್ಮ ಪರೀಕ್ಷಾದಾಗೂ ಇಂಥಾದ್ದ ಒಂದು ಬಂದಿತ್ತು. ನಾ ತಾಳಾ ನೋಡಲಿಲ್ಲ. ಎರಡ ಮಾರ್ಕಿಗೆ ಹೋದೆ. ಮುಂದ ಯಾರೂ ಪರೀಕ್ಷಾಕ್ಕ ಕೂಡಿಸಲಿಲ್ಲ."

ನನಗೆ ಗಣಿತ ಕಲಿಸುತ್ತಿದ್ದ ಮಾಮಾ ಮ್ಯಾಟ್ರಿಕ್ ಪಾಸಾಗಿರಲಿಲ್ಲ ಎನ್ನುವುದು ಆಗಲೇ ಗೊತ್ತಾದದ್ದು. ಇಷ್ಟು ವರ್ಷ ಅವನನ್ನು ನೋಡಿ ನಕ್ಕದ್ದಕ್ಕೆ ನಾಚಿಕೆಯಾಯಿತು.

ರಿಸಲ್ಟಿನ ದಿನ ಅಪ್ಪ ಕೆಲಸಕ್ಕೆ ಹೋಗಿದ್ದರು, ಅವ್ವ ಟಿಟ್ವಾಳಾ ಗಣಪತಿಗೆ. ಕೆಲಸಕ್ಕೆ ಇನ್ನೂ ಹೊರಡದ ಮಾಮಾನನ್ನು ಮನೆಯಲ್ಲಿ ಬಿಟ್ಟು ನಾನು ಒಬ್ಬಳೇ ಶಾಲೆಗೆ ಹೋದೆ. ಮಾರ್ಕ್ಸ್‌ಶೀಟು ಕೈಗೆ ಬರುವಷ್ಟರಲ್ಲಿ ಅವನೂ ಏದುಸಿರು ಬಿಡುತ್ತ ಗೇಟಿನಲ್ಲಿ ನಿಂತಿದ್ದ, ಅಂಗಿಯ ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿದ್ದವು. ಬೀಜಗಣಿತದಲ್ಲಿ ಪಾಸು! ಮಾಮಾ ಅಲ್ಲೇ ನಿಂತು ಎಲ್ಲ ಮಾರ್ಕುಗಳನ್ನೂ ಮೂರು ಸಲ ಕೂಡಿಸಿದ. ಬಿಟ್ಟಾನೆಯೇ?

ಚಾಳಿಗೆ ಬಂದು ನೋಡಿದರೆ ನಮ್ಮ ಮನೆಯ ಬಾಗಿಲು ಹಾರು ಹೊಡೆದಿತ್ತು. ಬೀಗ ಹಾಗಿರಲಿ, ಬಾಗಿಲನ್ನು ಮುಂದೆ ಎಳೆದುಕೊಂಡೂ ಇರಲಿಲ್ಲ ಪುಣ್ಯಾತ್ಮ. ಹೊಸ್ತಿಲ ಮೇಲೆ ಭಾಬಿ ಅಕ್ಕಿ ಆರಿಸುತ್ತ ಕಾವಲು ಕೂತಿದ್ದಳು.

"ಭೈಯಾ, ಆಜ್ ತಾಲಾ ನಹೀ ದೇಖಾ?" ಎಂದಳು.

ಮಾಮಾ ನನ್ನ ಮಾರ್ಕ್ಸ್‌ಶೀಟು ಬಿಚ್ಚಿ ಅವಳ ಮುಂದೆ ಹಿಡಿದ. ಅವನ ಕಣ್ಣುಗಳು ತುಂಬಿದ್ದವು.

"ದೇಖಾ, ಭಾಬಿ," ಎಂದ. "ಬರಾಬರ್ ಆಯಾ."