ಕುಡಿಯದವನ ಕುಡುಕ ಕಾರು

ಹರಿಹರನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಚಟ, ಅದೂ ನಾಲ್ಕು ಚಕ್ರದ್ದು. ಜಪಾನಿನ ಶಿನಾಗಾವಾದ ಆಫೀಸಿನಲ್ಲಿ ಕೂತು, ಎರಡು ಸಾವಿರದ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟುಕೆ ಮಹಾಪ್ರಳಯವನ್ನು ಕೀಬೋರ್ಡಿನಿಂದಲೇ ತಡೆದ ಮೇಲೆ (ಪ್ರಳಯ ಬರುವುದೇ ಇರಲಿಲ್ಲ ಎಂಬುದು ಹೆಂಡತಿ ವಸುಂಧರಾಳ ವಾದ) ತನಗೆ ತಾನೇ ಕೊಟ್ಟುಕೊಂಡ ಬಹುಮಾನ ಅದು: ಕೆಂಪು ಬಣ್ಣದ ಒಂದು ಹಳೆಯ ಟರ್ಬೊ ಸ್ಪೋರ್ಟ್ಸ್ ಕಾರು. ವಾರವೆಲ್ಲ ದಣಿದು ಹೆಣದಂತಾಗುವ ಮನುಷ್ಯನಿಗೆ ಭಾನುವಾರ ಅದರ ಸ್ಟೀರಿಂಗ್ ಹಿಡಿದರೆ ಮಾತ್ರ ಜೀವ ಬರುತ್ತಿತ್ತು.

"ಏನ್ರೀ ಇದು, ಕಾರಾ, ಮಣೇನಾ? ಕೂತ್ರೆ ಈಗ ಎಲೆ ಹಾಕ್ತಾರೇನೋ ಅನ್ಸುತ್ತೆ" ಎಂದು ವಸುಂಧರಾ ಮೊದಲ ದಿನವೇ ಮೂತಿ ತಿರುವಿದ್ದಳು.

"ಪರ್ಫಾರ್ಮೆನ್ಸ್ ಕಾರ್ ಕಣೇ ಇದು!"

"ಪರ್ಫಾರ್ಮೆನ್ಸ್ ನಿಮ್ಮ ಅಪ್ರೈಸಲ್‌ನಲ್ಲಿ ತೋರ್ಸಿ. ನೋಡಿ, ಯುಗಾದಿಗೆ ಯೊಕೊಹಾಮಾದಲ್ಲಿ ನಮ್ಮೋರೆಲ್ಲ ಸೇರ್ತಾರೆ. ಬಿಸಿಬೇಳೆಬಾತ್ ನಾನು ಒಪ್ಕೊಂಡಿದೀನಿ. ನಾನು, ನಿಮ್ಮ ಮಗಳು ನೇಹಾ, ಆ ಪಾತ್ರೆ, ಮೂರೂ ನೆಟ್ಟಗೆ ತಲುಪಿದ್ರೆ ಕಾರ್ ಇರ್ಲಿ. ಇಲ್ದಿದ್ರೆ ಮಾರ್ಬಿಟ್ಟು ಎಲ್ಲರ ಥರ ಒಂದು ವ್ಯಾನ್ ತಗೊಳ್ಳಿ."

ಹರಿಹರ ಒಪ್ಪಿದ. ಒಪ್ಪದೆ ಏನು ಮಾಡಿಯಾನು?

ಕಾರು ಕುಡಿಯುತ್ತಿದ್ದದ್ದು ದುಬಾರಿ ಹೈ-ಆಕ್ಟೇನ್ ಪೆಟ್ರೋಲು. ಅಷ್ಟರಲ್ಲಿ ಮನೆಯ ಹತ್ತಿರ ಹೊಸದೊಂದು ಬಂಕು ಬಂತು. ಎಥನಾಲ್ ಬೆರೆಸಿದ ಪೆಟ್ರೋಲು, ಬಲು ಅಗ್ಗ, ಬಾಗಿಲಲ್ಲೆಲ್ಲ ಬಣ್ಣದ ಬಾವುಟ. ಹರಿಹರ ಫುಕುವೋಕಾದ ಗೆಳೆಯ ರಮಾಕಾಂತನಿಗೆ ಫೋನು ಹಚ್ಚಿದ.

"ಅಯ್ಯೋ ಗುರೂ, ರೇಸ್ ಕಾರ್‌ಗಳೇ ಆಲ್ಕೋಹಾಲ್ ಮೇಲೆ ಓಡ್ತವೆ! ಆಕ್ಟೇನ್ ಜಾಸ್ತಿ, ಎಂಜಿನ್ ತಂಪು. ಕಣ್ಮುಚ್ಕೊಂಡು ಹಾಕು" ಎಂದ ರಮಾಕಾಂತ. (ಈತ ಓಡಾಡುವುದು ಸೈಕಲ್ಲಿನಲ್ಲಿ.)

ಆದರೂ ಅನುಮಾನ. ಆಫೀಸಿನ ಸಾಯಿತೊ-ಸಾನ್‌ಗೆ ಕಾರೆಂದರೆ ಪ್ರಾಣ. ಅವರನ್ನು ಕೇಳಿದ. ಸಾಯಿತೊ-ಸಾನ್ ತಲೆ ವಾಲಿಸಿ, ಹಲ್ಲಿನ ಸಂದಿಯಿಂದ ಸುಯ್ಯೆಂದು ಉಸಿರೆಳೆದು, "ಹಳೇ ಕಾರು, ಹಳೇ ರಬ್ಬರ್ ಪೈಪು... ಸ್ವಲ್ಪ ಕಷ್ಟ" ಎಂದರು.

ಆ ದೇಶದಲ್ಲಿ ಸಭ್ಯರು ಹಾಗೆ ಉಸಿರೆಳೆದು "ಸ್ವಲ್ಪ ಕಷ್ಟ" ಎಂದರೆ "ಸತ್ತರೂ ಬೇಡ ಮಾರಾಯ" ಎಂದರ್ಥ. ಆದರೆ ನಮ್ಮ ಹರಿಹರ ಪಳಗಿದ್ದು ಬೆಂಗಳೂರಿನ ಕಂಪನಿಯಲ್ಲಿ. ಅಲ್ಲಿ ಮ್ಯಾನೇಜರ್ ಎದುರು "ಸ್ವಲ್ಪ ಕಷ್ಟ ಸಾರ್" ಎಂದರೆ "ಶನಿವಾರ, ಭಾನುವಾರವೂ ಬಂದರೆ ಮುಗಿಯುತ್ತೆ" ಎಂದರ್ಥ. ಸ್ವಲ್ಪ ತಾನೇ ಕಷ್ಟ! ಅರಿಗಾತೋ ಎಂದು ಬಗ್ಗಿ ನಮಸ್ಕರಿಸಿ, ಸಂಜೆಯೇ ಟ್ಯಾಂಕ್ ತುಂಬಿಸಿಕೊಂಡು ಬಂದ.

"ಕಾರಿಗೆ ಹೆಂಡ ಕುಡಿಸ್ತಿದೀರಾ?" ವಸುಂಧರಾ ಹೌಹಾರಿದಳು. "ಆಯುಧಪೂಜೆಗೆ ನಿಂಬೆಹಣ್ಣು ಇಟ್ಟ ಕಾರ್ ರೀ ಅದು! ಏನಾದ್ರೂ ಆದ್ರೆ?"

"ಸಾಯಿತೊ-ಸಾನ್ ಓಕೆ ಅಂದಿದಾರೆ. ನಿಂಗೆ ಕೆಮಿಸ್ಟ್ರಿ ಗೊತ್ತಾಗಲ್ಲ, ಸುಮ್ನಿರು."

ಚಳಿಗಾಲ ಪೂರ್ತಿ ಕಾರು ಅದನ್ನೇ ಕುಡಿಯಿತು. ಏನೂ ಆಗಲಿಲ್ಲ. ಹರಿಹರ ದಿನಾ ತಿಂಡಿಯ ಹೊತ್ತಿಗೆ ಎಥನಾಲ್ ಪುರಾಣ ಪಾರಾಯಣ ಮಾಡಿ, ತಾಯಿ ಮಗಳಿಬ್ಬರ ತಲೆ ತಿಂದ.

ಯುಗಾದಿ ಬಂತು. ಹಿಂದಿನ ಸೀಟೆಂಬ ಗೂಡಿನಲ್ಲಿ ನೇಹಾ, ಮುಂದೆ ವಸುಂಧರಾ, ಅವಳ ಮಡಿಲಲ್ಲಿ ಬಿಸಿಬೇಳೆಬಾತಿನ ಪಾತ್ರೆ. ಹೆದ್ದಾರಿಯ ಸೇತುವೆ ಖಾಲಿ ಸಿಕ್ಕಿತು. ಹರಿಹರ ಆಕ್ಸಿಲರೇಟರ್ ತುಳಿದ. ಟರ್ಬೊ ಶಿಳ್ಳೆ ಹಾಕಿತು, ಕೆಳಗೆ ಸಮುದ್ರ ಹಿಂದಕ್ಕೋಡಿತು. ವಸುಂಧರಾ ಕಣ್ಣು ಗಟ್ಟಿಯಾಗಿ ಮುಚ್ಚಿ ಪಾತ್ರೆಯನ್ನು ಅವುಚಿಕೊಂಡಳು. ಪಾಪ, ಹೆದರಿದಳು ಅಂದುಕೊಂಡ ಹರಿಹರ. ಒಳಗೊಳಗೇ ಹಿಗ್ಗಿದ ಕೂಡ.

ಸೇತುವೆ ಇಳಿಯುತ್ತಿದ್ದಂತೆ ನೇಹಾ ಮೂಗು ಹಿಡಿದಳು. "ಅಪ್ಪಾ, ಕುಸಾಯ್! ಇಟ್ ಸ್ಟಿಂಕ್ಸ್!"

"ಒಗ್ಗರಣೆ ಇಂಗು ಕಣಮ್ಮ."

"ನನ್ನ ಇಂಗಿಗೆ ಹೆಸರಿಡ್ಬೇಡಿ. ನಿಮ್ಮ ಹೆಂಡಾನೇ ಅದು!" ಎಂದಳು ವಸುಂಧರಾ, ಕಣ್ಣು ತೆರೆಯದೆ.

ಕಾರು ಕೆಮ್ಮಿತು, ಬಿಕ್ಕಳಿಸಿತು, ರಸ್ತೆಯಂಚಿಗೆ ಬಂದು ನಿಂತೇಬಿಟ್ಟಿತು. ಹರಿಹರ ತಾಯಿ ಮಗಳನ್ನು ದೂರ ನಿಲ್ಲಿಸಿ ಬಾನೆಟ್ ಎತ್ತಿದ. ಮೆತ್ತಗಾಗಿ ಊದಿಕೊಂಡಿದ್ದ ರಬ್ಬರ್ ಪೈಪಿನಿಂದ ಪೆಟ್ರೋಲು ಚಿಮ್ಮಿ ಅವನ ಹೊಸ ಅಂಗಿಗೆ ಅಭಿಷೇಕವಾಯಿತು.

ಗಸ್ತಿನ ಪೊಲೀಸರು ಬಂದರು. ಅಂಗಿ ಮೂಸಿದರು. ಆಫೀಸಿನ ಪಾರ್ಟಿಗಳಲ್ಲೂ ಬರೀ ಕಿತ್ತಳೆ ರಸ ಹೀರುವ ಹರಿಹರನ ಬಾಯಿಗೆ ಯಂತ್ರ ಹಿಡಿದು, ಊದಿ ಎಂದರು. ಪಾರ್ಕಿನ ತಾಯಂದಿರ ಜೊತೆ ಹರಟಿಯೇ ಗಂಡನಿಗಿಂತ ಚೆನ್ನಾಗಿ ಜಪಾನಿ ಕಲಿತಿದ್ದ ವಸುಂಧರಾ, ಪಾತ್ರೆ ಹಿಡಿದೇ ಬಗ್ಗಿ ಬಗ್ಗಿ "ಸುಮಿಮಾಸೆನ್, ಕ್ಷಮಿಸಿ, ಕುಡಿದಿರೋದು ಇವರಲ್ಲ, ಕಾರು" ಎಂದು ವಿವರಿಸಿದಳು. ಯಂತ್ರ ಸೊನ್ನೆ ತೋರಿಸಿದರೂ ಪೊಲೀಸರು ನಗಲಿಲ್ಲ. ಹರಿಹರನಿಗಂತೂ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು.

ಕಾರನ್ನು ಎಳೆಸಿಕೊಂಡು ಹೋದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಹೇಳಿದ್ದಿಷ್ಟು: ಬೆಂಕಿ ಹತ್ತದಿದ್ದದ್ದು ಪುಣ್ಯ, ಪೈಪು ಬದಲಿಸಿ ಸರಿಯಾದ ಪೆಟ್ರೋಲು ಹಾಕಿದರೆ ಎಂಜಿನ್ ಗಟ್ಟಿಮುಟ್ಟು. ಹರಿಹರ ಬೆಂಚಿನ ಮೇಲೆ ಕುಸಿದು ಕೂತ. ಊಟದ ಹೊತ್ತು ಮೀರಿತ್ತು.

"ಸಾಕಾಯ್ತು ವಸು. ಮಾತು ಮಾತೇ. ಮಾರ್ಬಿಡೋಣ, ವ್ಯಾನೇ ತಗೊಳ್ಳೋಣ."

"ಮಾರೋದಾ?" ವಸುಂಧರಾ ಕಾರಿನ ಮುಂದೆ ಅಡ್ಡ ನಿಂತಳು. "ಸೇತುವೆ ಮೇಲೆ ತುಳಿದ್ರಲ್ಲ, ಈ ದೇಶಕ್ಕೆ ಬಂದ ಮೇಲೆ ನಂಗೆ ಅಷ್ಟು ಖುಷಿ ಆಗಿದ್ದು ಅದೇ ಫಸ್ಟ್ ಟೈಮ್ ರೀ!"

"ಮತ್ತೆ ಕಣ್ಮುಚ್ಕೊಂಡಿದ್ದೆ?"

"ಖುಷಿಗೆ ಕಿರುಚ್ಬಿಡ್ತೀನಿ ಅಂತ. ನಾನೇ ಲೈಸೆನ್ಸ್ ಮಾಡಿಸ್ತೀನಿ. ಪಾಪ, ಇಂಥ ಕಾರಿಗೆ ಏನು ಕುಡಿಸ್ಬೇಕು ಅನ್ನೋದೂ ಗೊತ್ತಿಲ್ಲ ನಿಮಗೆ. ಕೀ ಕೊಡಿ ಇಲ್ಲಿ."

ಹೀಗೆ ಕಾರು ಮನೆಯಲ್ಲೇ ಉಳಿಯಿತು. ದೀಪಾವಳಿಯ ಕೂಟಕ್ಕೆ ತಾಯಿ ಮಗಳು, ಅಡುಗೆಯ ಸಾಮಾನು ತುಂಬಿ ಕಾರಿನಲ್ಲಿ ಜಾಗವಿಲ್ಲವೆಂದು ಹರಿಹರ ರೈಲಿನಲ್ಲಿ ನಿಂತುಕೊಂಡು ಹೋದ, ಕೈಯಲ್ಲಿ ಎರಡು ಚೀಲ ಹಪ್ಪಳ. ಅವನು ತಲುಪುವ ಹೊತ್ತಿಗೆ ಎಲ್ಲರ ಊಟ ಮುಗಿದಿತ್ತು. ವಸುಂಧರಾ ನಾಲ್ಕಾರು ಗಂಡಸರನ್ನು ಸುತ್ತ ನಿಲ್ಲಿಸಿಕೊಂಡು, ಟರ್ಬೊ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುತ್ತಿದ್ದಳು.