ಎಸ್ಮಂಡ್ ಕೊಟ್ಟ ಪರದೆಗಳು

ಎಲ್ಲ ರಾದ್ಧಾಂತಕ್ಕೂ ಮೂಲ ಆಡೆಲಜ್ಜಿಯ ಕೋಳಿಮರಿಗಳು.

ಸಾರ್ಕ್ ದ್ವೀಪದಲ್ಲಿ ಕಾರಿಲ್ಲ, ಬೀದಿದೀಪವಿಲ್ಲ. ಇರುವುದು ಕತ್ತಲು, ಅದರ ತುಂಬ ನಕ್ಷತ್ರ. ಅವನ್ನು ನೋಡಲು ಬರುವವರಿಂದಲೇ ಎಸ್ಮಂಡನ ಪುಟ್ಟ ವಸತಿಗೃಹ ನಡೆಯುತ್ತಿತ್ತು. ಈ ಸಂಜೆ ನಕ್ಷತ್ರ ವೀಕ್ಷಕರ ಸಂಘದ ಮಿಸ್ ಪ್ರಿಚರ್ಡ್ ಕತ್ತಲು ಅಳೆಯಲು ಬರುವವಳಿದ್ದಳು. ಬೆಳಕು ಕಂಡರೆ ‘ಕತ್ತಲ ದ್ವೀಪ’ವೆಂಬ ಬಿರುದೂ ಹೋಯಿತು, ಎಸ್ಮಂಡನ ಹೊಟ್ಟೆಗೆ ತಣ್ಣೀರುಬಟ್ಟೆಯೂ ಆಯಿತು. ದೀಪ ಆರಿಸುವ ಹೊಣೆಯನ್ನು ಊರವರು ಅವನ ತಲೆಗೇ ಕಟ್ಟಿದ್ದರು.

“ದೀಪ ಆರಿಸಿದ್ರೆ ನನ್ನ ಮರಿಗಳು ಚಳೀಲಿ ಸಾಯ್ತವೆ. ಆ ಪಾಪ ನಿನಗೇ ಸುತ್ಕೊಳ್ಳತ್ತೆ,” ಎಂದಳು ಆಡೆಲಜ್ಜಿ.

“ಆರಿಸ್ಬೇಡ ತಾಯಿ, ಕಿಟಕಿ ಮುಚ್ಚು ಸಾಕು.”

“ಯಾವುದ್ರಲ್ಲಿ ಮುಚ್ಲಿ? ನನ್ನ ಲಂಗದಲ್ಲಾ?”

ಎಸ್ಮಂಡ್ ಹಲ್ಲು ಕಡಿಯುತ್ತ ತನ್ನ ಮಲಗುವ ಕೋಣೆಯ ದಪ್ಪ ಪರದೆ ತಂದು ಕಟ್ಟಿದ. ಅದನ್ನು ಪಕ್ಕದ ಮನೆಯ ಗೈ ಹಾಮೊನ್ ಗೋಡೆಯಾಚೆಯಿಂದ ನೋಡಿಬಿಟ್ಟ.

“ಅಜ್ಜಿ ಕೋಳಿಗೆ ಪರದೆ, ನನ್ನ ಹಸುಗಿಲ್ವಾ? ಇವತ್ತೋ ನಾಳೆನೋ ಕರು ಹಾಕತ್ತೆ, ಕೊಟ್ಟಿಗೇಲಿ ದೀಪ ಇರ್ಲೇಬೇಕು.”

ಊಟದ ಮನೆಯ ಪರದೆಗಳು ಕೊಟ್ಟಿಗೆಗೆ ಹೋದವು. ಸುದ್ದಿ ತಿಳಿದ ಬ್ರೆಡ್ಡಿನ ಅಂಗಡಿಯವನು ಉಳಿದವನ್ನು ಬಾಚಿಕೊಂಡ. ಮಧ್ಯಾಹ್ನದ ಹೊತ್ತಿಗೆ ಎಸ್ಮಂಡನ ಮನೆ ಉಣ್ಣೆ ಕತ್ತರಿಸಿದ ಕುರಿಯಂತೆ ಬೋಳಾಗಿತ್ತು.

“ನಾನುಟ್ಟಿರೋದನ್ನಾದ್ರೂ ಬಿಡ್ತೀರೋ, ಅದನ್ನೂ ಕೊಡ್ಬೇಕೋ?” ಎಂದಳು ಹೆಂಡತಿ ರೋಸಲಿನ್.

“ಸುಮ್ನಿರೆ. ನಾವು ಕತ್ತಲಲ್ಲಿ ಕೂತ್ರಾಯ್ತು. ದೀಪ ಮುಟ್ಬೇಡ!”

ಉಳಿದ ಮನೆಗಳಿಗೆಲ್ಲ ಸೈಕಲ್ ತುಳಿದು, “ಇವತ್ತು ದೀಪ ಹಚ್ಚಿದ್ರೆ ಜೋಕೆ!” ಎಂದು ಕೂಗಿ ಬಂದ. ಎರಡು ಸಲ ಚರಂಡಿಗೆ ಬಿದ್ದ. ಊರ ಉಸಾಬರಿ ನನಗ್ಯಾಕೆ ಬೇಕಿತ್ತು ಎಂದು ತನ್ನನ್ನೇ ಬೈದುಕೊಂಡ.

ಸಂಜೆ ಗುಡ್ಡದ ಮೇಲೆ ಎಸ್ಮಂಡನ ಪಕ್ಕದಲ್ಲಿ ಮಿಸ್ ಪ್ರಿಚರ್ಡ್ ತನ್ನ ಮಾಪಕ ಹಿಡಿದು ನಿಂತಳು. ಎತ್ತ ನೋಡಿದರೂ ಗವ್ವೆನ್ನುವ ಕತ್ತಲು. “ತುಂಬಾ ಚೆನ್ನಾಗಿದೆ!” ಎನ್ನುತ್ತ ಹಿಂದಕ್ಕೆ ತಿರುಗಿದವಳು ಕೇಳಿದಳು, “ಅದ್ಯಾರ ಮನೆ, ಮದುವೆ ಮನೆ ಥರ ಉರೀತಿರೋದು?”

ಎಸ್ಮಂಡ್ ತಿರುಗಿ ನೋಡಿದ. ಬಿದ್ದಂಬೀಳ ಓಡಿದ. ಅವನ ಮನೆಯಲ್ಲಿ ಇಡೀ ಊರೇ ಕೂತು ಚಹಾ ಕುಡಿಯುತ್ತಿತ್ತು.

“ದೀಪ ಹಚ್ಬೇಡಿ ಅಂತ ನೀನೇ ಅಲ್ವಾ ಕೂಗಿದ್ದು? ಕತ್ತಲಲ್ಲಿ ಎಷ್ಟೊತ್ತು ಕೂರೋದು, ಅದಕ್ಕೇ ಇಲ್ಲಿಗೆ ಬಂದ್ವಿ,” ಎಂದರು ಜನ.

“ಮನೆಗೆ ಬಂದೋರನ್ನ ಕತ್ತಲಲ್ಲಿ ಕೂರಿಸ್ಲಾ?” ಎಂದಳು ರೋಸಲಿನ್.

“ಅಯ್ಯೋ, ನನ್ನ ಪರದೆ ವಾಪಸ್ ಕೊಡ್ರೋ!”

“ಕೊಟ್ರೆ ನನ್ನ ಕೊಟ್ಟಿಗೆ ಬೆಳಗತ್ತಲ್ಲ ಮಾರಾಯ,” ಎಂದ ಗೈ. “ಬಿರುದು ಹೋದ್ರೆ ಯಾರು ಹೊಣೆ?”

ಅಷ್ಟರಲ್ಲಿ ಮಿಸ್ ಪ್ರಿಚರ್ಡ್ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. “ಗಾಬರಿ ಬೇಡ. ಒಂದು ಮನೆಗೋಸ್ಕರ ಬಿರುದು ಕಿತ್ಕೊಳ್ಳಲ್ಲ. ಆದ್ರೆ ನಕ್ಷತ್ರ ನೋಡೋಕೆ ಬರೋರನ್ನ ಈ ಮನೆಗೆ ಮಾತ್ರ ಕಳಿಸೋ ಹಾಗಿಲ್ಲ.”

ಊರವರು ಚಪ್ಪಾಳೆ ತಟ್ಟಿದರು. ಎಸ್ಮಂಡ್ ಬೋಳು ಕಿಟಕಿಗೆ ಒರಗಿ ಕುಸಿದ.

ಆಡೆಲಜ್ಜಿ ಚಹಾದ ಬಟ್ಟಲು ಕೆಳಗಿಟ್ಟಳು. “ನನ್ಮನೇಲಿ ಎರಡು ಕೋಣೆ ಖಾಲಿ ಇದೆ, ನನ್ಹತ್ರಾನೇ ಕಳ್ಸಮ್ಮ,” ಎಂದಳು. “ಪರದೇನೂ ಒಳ್ಳೇದಿದೆ.”